ಕೇರಿಯ ಹೆಸರು ಅಳಿಸಿದ ಮೇಲೆ

ಮರಾಠವಾಡದ ಹಳ್ಳಿಯಲ್ಲಿ ಮನೆ ಎಲ್ಲಿದೆ ಎಂದು ಕೇಳಿದ ಮೇಲೆ ಜಾತಿಯನ್ನು ಬೇರೆ ಕೇಳಬೇಕಾಗಿರಲಿಲ್ಲ. ಮಹಾರವಾಡಾ, ಮಾಂಗವಾಡಾ, ಢೋರವಸ್ತಿ, ಬ್ರಾಹ್ಮಣವಾಡಾ, ಮಾಳಿ ಗಲ್ಲಿ – ಓಣಿಯ ಹೆಸರೇ ಎಲ್ಲವನ್ನೂ ಹೇಳಿಬಿಡುತ್ತಿತ್ತು. 2020ರ ಡಿಸೆಂಬರ್ 2ರಂದು ಮಹಾರಾಷ್ಟ್ರದ ಸಚಿವ ಸಂಪುಟ ಇಂಥ ಹೆಸರುಗಳನ್ನೆಲ್ಲ ತೆಗೆದುಹಾಕಲು ತೀರ್ಮಾನಿಸಿತು. ಅವುಗಳ ಜಾಗದಲ್ಲಿ ಸಮತಾ ನಗರ, ಭೀಮ ನಗರ, ಜ್ಯೋತಿ ನಗರ, ಶಾಹೂ ನಗರ, ಕ್ರಾಂತಿ ನಗರ ಎಂಬಂಥ ಹೆಸರುಗಳು ಬರಬೇಕೆಂದು ಸೂಚಿಸಿತು. ಕರ್ನಾಟಕದ ಗಡಿಗೆ ಅಂಟಿಕೊಂಡ ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳಿಗೂ ಈ ತೀರ್ಮಾನ ಅನ್ವಯಿಸುತ್ತದೆ.

ಇಂಥ ತಿದ್ದುಪಡಿ ಬಂದಾಗಲೆಲ್ಲ ಎರಡು ಬಗೆಯ ಬೇಸರ ಕೇಳಿಬರುತ್ತದೆ. ‘ಏನಂದ್ರ ತಪ್ಪು, ಏನಂದ್ರ ಸರಿ, ಒಂದೂ ತಿಳಿಯಂಗಿಲ್ಲ, ಬಾಯಿ ಮುಚ್ಚಿಕೊಂಡು ಕೂಡೋದೇ ಛಲೋ’ ಎನ್ನುವುದು ಒಂದು. ‘ಹೆಸರು ಬದಲಾದ್ರ ನಮ್ಮ ಓಣಿ ನಳಕ್ಕ ನೀರು ಬರ್ತದೇನು?’ ಎನ್ನುವುದು ಇನ್ನೊಂದು. ಮೊದಲನೆಯದು ಮಾತಾಡುವವರ ಬೇಸರ, ಎರಡನೆಯದು ಆ ಹೆಸರು ಹೊತ್ತು ಬದುಕಿದವರ ಬೇಸರ. ಮಾತಿನ ಮರ್ಯಾದೆಯ ಬಗ್ಗೆ ನಡೆಯುವ ಚರ್ಚೆಯಲ್ಲಿ ಮೊದಲನೆಯದೇ ಹೆಚ್ಚು ಸದ್ದು ಮಾಡುತ್ತದೆ. ತೂಕವಿರುವುದು ಎರಡನೆಯದಕ್ಕೆ.

ಈ ಸೀಮೆ ಹೆಸರು ಬದಲಾವಣೆಗೆ ಹೊಸದಲ್ಲ. ಮೂರೂ ತಾಲೂಕುಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ನಿಲಂಗಾ, ಉದಗೀರಗಳು 1956ರವರೆಗೂ ಬೀದರ್ ಜಿಲ್ಲೆಯ ತಾಲೂಕುಗಳೇ. ಭಾಷಾವಾರು ಪ್ರಾಂತಗಳಾದಾಗ ಅವು ಉಸ್ಮಾನಾಬಾದ್ ಜಿಲ್ಲೆಗೆ ಸೇರಿದವು, 1982ರಲ್ಲಿ ಹೊಸದಾಗಿ ಹುಟ್ಟಿದ ಲಾತೂರು ಜಿಲ್ಲೆಗೆ ಹೋದವು. ಉಮರ್ಗಾ ಉಳಿದುಕೊಂಡ ಉಸ್ಮಾನಾಬಾದ್ ಈಗ ಧಾರಾಶಿವ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಪೇಟೆಯಲ್ಲಿ ದಖನಿ ಉರ್ದು ಆಡುವ ಕುಟುಂಬಗಳು ಇಲ್ಲಿ ಇಂದಿಗೂ ಇವೆ. ಯಾವ ಭಾಷೆಯಲ್ಲಿ ಕರೆದರೂ ಕೇರಿ ಮಾತ್ರ ಊರ ಹೊರಗೇ ಇತ್ತು.

ಹೆಸರಿನ ಮೇಲಿನ ಜಗಳ ಈ ಪ್ರಾಂತದಲ್ಲಿ ಜೀವಗಳನ್ನೂ ತೆಗೆದುಕೊಂಡಿದೆ. ಔರಂಗಾಬಾದಿನ ಮರಾಠವಾಡ ವಿಶ್ವವಿದ್ಯಾಲಯಕ್ಕೆ ಡಾ. ಬಾಬಾಸಾಹೇಬ ಅಂಬೇಡ್ಕರ್ ಅವರ ಹೆಸರಿಡಬೇಕೆಂದು ಮಹಾರಾಷ್ಟ್ರ ವಿಧಾನಮಂಡಲ 1978ರ ಜುಲೈ 27ರಂದು ನಿರ್ಣಯ ಮಾಡಿತು. ಅದರ ಬೆನ್ನಿಗೇ ಮರಾಠವಾಡದ ಹಳ್ಳಿಗಳಲ್ಲಿ ದಲಿತರ ಮನೆಗಳು ಸುಟ್ಟವು, ಜನ ಸತ್ತರು. ನಾಮಾಂತರ ಆದದ್ದು 1994ರ ಜನವರಿ 14ರಂದು. ನಡುವೆ ಹದಿನೈದು ವರ್ಷ ದಾಟಿದ್ದವು. ಹೆಸರಿನಲ್ಲೇನಿದೆ, ಇದಕ್ಕೆಲ್ಲ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂದು ಕೇಳುವವರು ಆ ವರ್ಷಗಳನ್ನು ನೆನಪಿಸಿಕೊಳ್ಳಬೇಕು. ಒಂದು ಹೆಸರನ್ನು ಬರೆಯಗೊಡದಿರಲು ಜನ ಬೆಂಕಿ ಹಚ್ಚುತ್ತಾರೆಂದರೆ ಹೆಸರು ಸಣ್ಣ ವಿಷಯವಲ್ಲ.

ಹಾಗಾದರೆ ತಿದ್ದಿದ ಹೆಸರಿನ ಬಗ್ಗೆಯೂ ಬೇಸರ ಏಕೆ? ಆ ಹೆಸರನ್ನು ಆರಿಸುವವರು ಯಾರು ಎಂಬಲ್ಲಿ ಅದರ ಬೇರಿದೆ.

1938ರ ಜನವರಿಯಲ್ಲಿ ಮುಂಬಯಿ ವಿಧಾನಸಭೆಯ ಮುಂದೆ ಸ್ಥಳೀಯ ಮಂಡಳಿಗಳ ಮಸೂದೆಯೊಂದು ಬಂದಿತ್ತು. ಅದರಲ್ಲಿ ‘ಹರಿಜನ’ ಎಂಬ ಪದವಿತ್ತು. ಗಾಂಧೀಜಿ ಗೌರವಕ್ಕೆಂದೇ ಬಳಕೆಗೆ ತಂದ ಹೆಸರು ಅದು. ಆ ಹೆಸರು ನಮಗೆ ಬೇಡವೆಂದು ಅಂಬೇಡ್ಕರರ ಪಕ್ಷದವರು ಹೇಳಿದರು. ಸದನ ಕೇಳಲಿಲ್ಲ. ಅಂಬೇಡ್ಕರರು ತಮ್ಮ ಪಕ್ಷದ ಸದಸ್ಯರೊಂದಿಗೆ ಹೊರನಡೆದರು. ಒಳ್ಳೆಯ ಮನಸ್ಸಿನಿಂದ ಕೊಟ್ಟ ಹೆಸರಾದರೂ, ಹೊರಬೇಕಾದವರು ಒಪ್ಪದಿದ್ದರೆ ಅದು ಮೇಲಿನಿಂದ ಹೇರಿದ್ದೇ ಆಗುತ್ತದೆ. ಅದೇ ಪದವನ್ನು ಬಳಸಕೂಡದೆಂದು 1982ರಲ್ಲಿ ಕೇಂದ್ರ ಗೃಹ ಸಚಿವಾಲಯವೇ ರಾಜ್ಯಗಳಿಗೆ ಸೂಚಿಸಿತು.

ಜನ ತಾವಾಗಿ ಆರಿಸಿಕೊಂಡ ಪದ ‘ದಲಿತ’. 1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್, ಅದೇ ದಶಕದಲ್ಲಿ ಬಿ. ಕೃಷ್ಣಪ್ಪನವರು ಭದ್ರಾವತಿಯಿಂದ ಕಟ್ಟಿದ ದಲಿತ ಸಂಘರ್ಷ ಸಮಿತಿ – ಎರಡೂ ಈ ಪದವನ್ನು ತಲೆ ಎತ್ತಿ ಹೇಳಿದವು. ಆದರೆ 2018ರ ಆಗಸ್ಟ್‌ನಲ್ಲಿ, ಹೈಕೋರ್ಟ್ ಪೀಠಗಳ ಆದೇಶಗಳನ್ನು ಮುಂದಿಟ್ಟು, ಮಾಧ್ಯಮಗಳು ಈ ಪದದ ಬದಲು ‘ಪರಿಶಿಷ್ಟ ಜಾತಿ’ ಎಂದೇ ಬಳಸುವುದು ಒಳ್ಳೆಯದೆಂದು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಸಲಹೆ ಹೊರಡಿಸಿತು. ದಲಿತ ಲೇಖಕರು, ಸಂಘಟನೆಗಳು ಪ್ರತಿಭಟಿಸಿದವು. ‘ಪರಿಶಿಷ್ಟ ಜಾತಿ’ ಸರ್ಕಾರದ ಪಟ್ಟಿಯ ಹೆಸರು, ‘ದಲಿತ’ ಹೋರಾಟದ ಹೆಸರು. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದರೆ ಹೋರಾಟದ ಇತಿಹಾಸವೇ ಮರೆಯಾಗುತ್ತದೆ ಎಂಬುದು ಅವರ ತಕರಾರು. ಆ ತಕರಾರು ನ್ಯಾಯವಾದದ್ದು.

ಡಿಸೆಂಬರ್ 2020ರ ಪಟ್ಟಿಯಲ್ಲೂ ಇಂಥದೇ ಒಂದು ತೊಡಕಿದೆ. ತೆಗೆದುಹಾಕಬೇಕಾದ ಹೆಸರುಗಳ ಉದಾಹರಣೆಯಲ್ಲಿ ಮಹಾರವಾಡಾ, ಮಾಂಗವಾಡಾಗಳ ಜೊತೆ ಬೌದ್ಧವಾಡಾ ಕೂಡ ಸೇರಿತ್ತು. 1956ರಲ್ಲಿ ನಾಗಪುರದಲ್ಲಿ ಅಂಬೇಡ್ಕರರೊಂದಿಗೆ ಧಮ್ಮದೀಕ್ಷೆ ಪಡೆದ ಮೇಲೆ ಮಹಾರರು ಹಳೆಯ ಜಾತಿಯ ಹೆಸರನ್ನು ಕೊಡವಿ ತಾವೇ ಪಡೆದುಕೊಂಡ ಗುರುತು ಬೌದ್ಧ ಎಂಬುದು. ಊರು ಅಂಟಿಸಿದ ಹೆಸರನ್ನೂ ಜನ ಗಳಿಸಿಕೊಂಡ ಹೆಸರನ್ನೂ ಒಂದೇ ಸಾಲಿನಲ್ಲಿ ಬರೆದು ಅಳಿಸುವುದು ಸರಿಯಾದ ಕ್ರಮವಲ್ಲ.

ಇನ್ನೊಂದು ಉದಾಹರಣೆ ಕನ್ನಡಿಗರಿಗೆ ಇನ್ನೂ ಹತ್ತಿರದ್ದು. ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯಲ್ಲಿ ಉಮರ್ಗಾ ದಾಟಿ ಗಡಿ ಹಾದರೆ ಬರುವುದೇ ಬಸವಕಲ್ಯಾಣ ತಾಲೂಕು. 12ನೇ ಶತಮಾನದಲ್ಲಿ ಅಲ್ಲಿಗೆ ಬಂದ ಶರಣರಲ್ಲಿ ಡೋಹರ ಕಕ್ಕಯ್ಯ ಒಬ್ಬರು. ಚರ್ಮ ಹದ ಮಾಡುವ ಡೋಹರರೇ ಮರಾಠಿಯ ಢೋರರು. ಮಹಾರಾಷ್ಟ್ರದ ಢೋರ ಸಮಾಜ ಇಂದಿಗೂ ಕಕ್ಕಯ್ಯನವರನ್ನು ತನ್ನ ಸಂತನೆಂದು ಪೂಜಿಸುತ್ತದೆ. ಮಾದಾರ ಚೆನ್ನಯ್ಯ, ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ – ಕಾಯಕದ ಹೆಸರನ್ನು ಯಾರೂ ಅಡಗಿಸಲಿಲ್ಲ. ಅದರ ಮುಂದೆ ಅಯ್ಯ ಎಂಬ ಗೌರವ ಬಂತು, ಒಂದೇ ಪಂಕ್ತಿಯಲ್ಲಿ ಕೂರುವ ಹಕ್ಕು ಬಂತು. ಸಮಗಾರ ಹರಳಯ್ಯನವರ ಮನೆಗೂ ಬ್ರಾಹ್ಮಣ ಮಧುವರಸರ ಮನೆಗೂ ಆದ ಮದುವೆ ಸಂಬಂಧಕ್ಕೆ ಇಬ್ಬರೂ ಪ್ರಾಣ ಕೊಟ್ಟರೆಂದು ಶರಣ ಪರಂಪರೆ ಹೇಳುತ್ತದೆ. ಅಲ್ಲಿ ಮೊದಲು ಬದಲಾದದ್ದು ನಡವಳಿಕೆ.

ಬೈಗುಳವನ್ನೇ ಎತ್ತಿ ಪುಸ್ತಕದ ಮುಖಪುಟಕ್ಕೆ ಹಾಕಿದವರೂ ಈ ನಾಡಿನಲ್ಲಿದ್ದಾರೆ. ಸಿದ್ಧಲಿಂಗಯ್ಯನವರ ಮೊದಲ ಕವನ ಸಂಕಲನ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂತು. ಕನ್ನಡ–ಮರಾಠಿ ಬೆರೆತ ಅಕ್ಕಲಕೋಟ ಸೀಮೆಯ ಶರಣಕುಮಾರ ಲಿಂಬಾಳೆ ತಮ್ಮ ಆತ್ಮಕಥನಕ್ಕೆ ‘ಅಕ್ಕರಮಾಶಿ’ ಎಂದು ಹೆಸರಿಟ್ಟರು. ಹುಟ್ಟಿನ ಕಾರಣಕ್ಕೆ ಊರು ತಮ್ಮನ್ನು ಹೀಯಾಳಿಸುತ್ತಿದ್ದ ಮಾತನ್ನೇ ಊರಿನ ಮುಂದಿಟ್ಟರು. ನೊಂದವರು ಹೇಳಿದಾಗ ಸಾಕ್ಷಿಯಾಗುವ ಮಾತು, ನೋಯಿಸುವವರು ಹೇಳಿದಾಗ ಏಟಾಗುತ್ತದೆ. ‘ಅವರು ಅಂದ್ಕೊಂಡ್ರ ನಡೀತದ, ನಾವಂದ್ರ ಯಾಕ ತಪ್ಪು?’ ಎಂಬ ಪ್ರಶ್ನೆಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ನಾಲಿಗೆ ತಪ್ಪಿದರೆ ಜೈಲು ಎಂಬ ಭಯ ಮಾತ್ರ ನಿಜಕ್ಕಿಂತ ದೊಡ್ಡದಾಗಿ ಬೆಳೆದಿದೆ. 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ಶಬ್ದಕೋಶದ ಮೇಲೆ ಕಾವಲು ಕೂರಿಸಿಲ್ಲ. ಸಾರ್ವಜನಿಕರ ಕಣ್ಣೆದುರು, ಅವಮಾನ ಮಾಡುವ ಉದ್ದೇಶದಿಂದ ನಿಂದಿಸುವುದನ್ನು ಅದು ಅಪರಾಧವೆನ್ನುತ್ತದೆ. ಜಾತಿಯ ಹೆಸರು ಹಿಡಿದು ಅವಮಾನದ ಧಾಟಿಯಲ್ಲಿ ಕರೆಯುವುದು ಅಪರಾಧವೆಂದು 2008ರಲ್ಲಿ ಹೇಳಿದ ಸುಪ್ರೀಂ ಕೋರ್ಟ್, ಹೊರಗಿನವರಾರೂ ಇಲ್ಲದ ನಾಲ್ಕು ಗೋಡೆಯೊಳಗಿನ ಮಾತಿಗೆ ಈ ಸೆಕ್ಷನ್ ಅನ್ವಯಿಸದೆಂದು 2020ರಲ್ಲಿ ಹೇಳಿತು. ಹಳೆಯ ರೂಢಿಯಿಂದ ಅಜ್ಜಿಯೊಬ್ಬರು ಕೇರಿಯ ಹಳೆಯ ಹೆಸರು ಆಡಿದರೆ ಮನೆಯವರು ತಿದ್ದಿದರೆ ಸಾಕು. ಬಾಯ್ತಪ್ಪಿಗೂ ದ್ವೇಷಕ್ಕೂ ಒಂದೇ ಶಿಕ್ಷೆ ಎಂದು ಹೊರಟರೆ ಜನ ಮಾತು ಕಲಿಯುವುದಿಲ್ಲ, ಮಾತು ಬಿಡುತ್ತಾರೆ.

ಹೊರೆಯಾಗುವ ಗೌರವವೂ ಉಂಟು. 2023ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಾಗಿದ್ದ ಮಂಗಲ ಪ್ರಭಾತ ಲೋಢಾ ಅವರು ‘ವಿಧವೆ’ ಎಂಬುದರ ಬದಲು ‘ಗಂಗಾ ಭಾಗೀರಥಿ’ ಎಂದು ಬಳಸುವ ಬಗ್ಗೆ ಚರ್ಚಿಸಲು ಅಧಿಕಾರಿಗಳಿಗೆ ಬರೆದರು. ಗಡಿ ಭಾಗದ ಲಗ್ನಪತ್ರಿಕೆ ನೋಡಿದವರಿಗೆ ‘ಸೌ.’ ಮತ್ತು ‘ಗಂ. ಭಾ.’ ಗೊತ್ತು. ಗಂಡ ಇದ್ದಾನೋ ಇಲ್ಲವೋ ಎಂಬುದನ್ನು ಹೆಸರಿನ ಹಿಂದೆಯೇ ಸಾರುವ ಆ ಅಕ್ಷರಗಳನ್ನು ಸರ್ಕಾರಿ ಕಾಗದಕ್ಕೆ ತರುವ ಮಾತು ಅದು. ಮಹಿಳಾ ಸಂಘಟನೆಗಳು, ವಿರೋಧ ಪಕ್ಷದ ನಾಯಕಿಯರು ವಿರೋಧಿಸಿದರು. ಯಾವ ತೀರ್ಮಾನವೂ ಆಗಿಲ್ಲವೆಂದು ಸಚಿವರು ಸ್ಪಷ್ಟನೆ ಕೊಟ್ಟರು.

ಅದಕ್ಕೂ ಒಂದು ವರ್ಷ ಮೊದಲು, 2022ರ ಮೇ ತಿಂಗಳಲ್ಲಿ, ಕೊಲ್ಲಾಪುರ ಜಿಲ್ಲೆಯ ಶಿರೋಳ ತಾಲೂಕಿನ ಹೇರವಾಡ ಎಂಬ ಗಡಿಹಳ್ಳಿ ಬೇರೆ ದಾರಿ ಹಿಡಿದಿತ್ತು. ಗಂಡ ಸತ್ತಾಗ ಹೆಂಡತಿಯ ಬಳೆ ಒಡೆಯುವುದು, ಕುಂಕುಮ ಅಳಿಸುವುದು, ತಾಳಿ ಹರಿಯುವುದು ನಮ್ಮೂರಲ್ಲಿ ಇನ್ನಿಲ್ಲ ಎಂದು ಗ್ರಾಮಸಭೆ ನಿರ್ಣಯ ಮಾಡಿತು. ಎರಡು ವಾರದೊಳಗೆ ರಾಜ್ಯ ಸರ್ಕಾರ ಅದನ್ನು ಮಾದರಿಯೆಂದು ಉಳಿದ ಗ್ರಾಮ ಪಂಚಾಯಿತಿಗಳಿಗೂ ಸುತ್ತೋಲೆ ಕಳಿಸಿತು. ಸಾಲಕ್ಕೆ, ಬರಕ್ಕೆ ಗಂಡನನ್ನು ಕಳೆದುಕೊಂಡ ರೈತ ಮಹಿಳೆಯರು ಲಾತೂರು, ಧಾರಾಶಿವ ಜಿಲ್ಲೆಗಳ ಹಳ್ಳಿಗಳಲ್ಲಿ ಕಡಿಮೆಯಿಲ್ಲ. ಅವರಿಗೆ ಬೇಕಾದದ್ದು ಅರಿಶಿನ–ಕುಂಕುಮಕ್ಕೆ ಕರೆ, ಹೊಲದ ಉತಾರೆಯಲ್ಲಿ ಹೆಸರು, ಹೊತ್ತಿಗೆ ಸರಿಯಾಗಿ ಪಿಂಚಣಿ.

ಅಂಗವೈಕಲ್ಯದ ವಿಷಯದಲ್ಲೂ ಇದೇ ಕಥೆ. ಕುಂಟ, ಕುರುಡ ಎಂದು ಹೆಸರಿಗೆ ಅಂಟಿಸಿ ಕರೆಯುವುದು ಹೋಗಲೇಬೇಕಿತ್ತು. ಕನ್ನಡದಲ್ಲಿ ಅಂಗವಿಕಲ ಹೋಗಿ ವಿಕಲಚೇತನ ಬಂತು, ಅದರ ಹಿಂದೆ ವಿಶೇಷಚೇತನ ಬಂತು. 2015ರ ಡಿಸೆಂಬರ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ‘ದಿವ್ಯಾಂಗ’ ಎಂಬ ಪದ ಸೂಚಿಸಿದಾಗ ಅಂಗವೈಕಲ್ಯ ಹಕ್ಕುಗಳ ಸಂಘಟನೆಗಳೇ ಆಕ್ಷೇಪಿಸಿದವು: ನಮಗೆ ದೈವತ್ವ ಬೇಡ, ಹಕ್ಕು ಬೇಕು. ಆ ಹಕ್ಕನ್ನು ಹಿಗ್ಗಿಸಿದ್ದು 2016ರ ಕಾಯ್ದೆ. ಅದು ಗುರುತಿಸುವ ವೈಕಲ್ಯಗಳನ್ನು 7ರಿಂದ 21ಕ್ಕೆ, ಸರ್ಕಾರಿ ನೌಕರಿಯ ಮೀಸಲಾತಿಯನ್ನು ಶೇ 3ರಿಂದ 4ಕ್ಕೆ ಏರಿಸಿತು. ತಹಸೀಲ್ ಕಚೇರಿಯ ಮೆಟ್ಟಿಲ ಪಕ್ಕ ಇಳಿಜಾರು ದಾರಿ ಇಲ್ಲದಿದ್ದರೆ ಗಾಲಿಕುರ್ಚಿಯಲ್ಲಿ ಬಂದವರನ್ನು ಯಾವ ಪದದಿಂದ ಕರೆದರೂ ಅವರು ಹೊರಗೇ ಉಳಿಯುತ್ತಾರೆ.

ತಟಸ್ಥವೆನಿಸುವ ಮಾತು ವಾಸ್ತವವನ್ನು ಹೇಗೆ ಮುಚ್ಚುತ್ತದೆಂಬುದಕ್ಕೆ ಈ ಸೀಮೆಯಲ್ಲೇ ದೊಡ್ಡ ಪುರಾವೆಯಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಸುತ್ತ ನೆಲ ನಡುಗಿತು. ಔಸಾ, ನಿಲಂಗಾ, ಉಮರ್ಗಾ ತಾಲೂಕುಗಳ ಹಳ್ಳಿಗಳು ಕಲ್ಲಿನ ರಾಶಿಯಾದವು. ಸರ್ಕಾರಿ ಲೆಕ್ಕದಲ್ಲೇ ಸುಮಾರು 8,000 ಜನ ಸತ್ತರು. ವಿಶ್ವಬ್ಯಾಂಕಿನ ನೆರವಿನಿಂದ 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಿದರು. ಮನೆ ಹಂಚುವ ನಿಯಮದಲ್ಲಿ ಜಾತಿಯ ಹೆಸರಿರಲಿಲ್ಲ. ಎ, ಬಿ, ಸಿ ಎಂದು ಮೂರು ವರ್ಗ ಮಾಡಿದರು. ಭೂಮಿ ಇಲ್ಲದವರಿಗೆ ಮತ್ತು ಒಂದು ಹೆಕ್ಟೇರಿನವರೆಗೆ ಇದ್ದವರಿಗೆ 250 ಚದರಡಿ, ಏಳು ಹೆಕ್ಟೇರಿನವರೆಗೆ 400, ಅದಕ್ಕೂ ಮೇಲಿದ್ದವರಿಗೆ 750. ಮಹಾರ, ಮಾಂಗ ಕುಟುಂಬಗಳಲ್ಲಿ ಹೆಚ್ಚಿನವರಿಗೆ ಭೂಮಿ ಇರಲಿಲ್ಲ. ಯಾರ ಮನಸ್ಸನ್ನೂ ನೋಯಿಸದ ಮೂರು ಅಕ್ಷರಗಳು ಹಳೆಯ ಏರುಪೇರನ್ನು ಹೊಸ ಕಾಂಕ್ರೀಟಿನಲ್ಲಿ ಅಳೆದು ಕಟ್ಟಿದವು.

ಹೆಸರು ತಿದ್ದುವ ಕೆಲಸ ಈಗ ದಕ್ಷಿಣದ ರಾಜ್ಯಗಳಿಗೂ ಹಬ್ಬಿದೆ. 2024ರ ಜೂನ್‌ನಲ್ಲಿ ಕೇರಳದ ಸಚಿವ ಕೆ. ರಾಧಾಕೃಷ್ಣನ್ ಅವರು ಅಧಿಕಾರ ಬಿಡುವ ಮುನ್ನ, ದಲಿತ–ಆದಿವಾಸಿ ವಸತಿಗಳನ್ನು ‘ಕಾಲೊನಿ’ ಎಂದು ಕರೆಯಬಾರದೆಂದು ಆದೇಶಿಸಿದರು. 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಅದೇ ಪದವನ್ನು ಸರ್ಕಾರಿ ದಾಖಲೆಗಳಿಂದ ತೆಗೆಯುವುದಾಗಿ ಘೋಷಿಸಿದರು. ಇನ್ನೂ ಆಳಕ್ಕೆ ಹೋದದ್ದು ಸುಪ್ರೀಂ ಕೋರ್ಟಿನ 2024ರ ಅಕ್ಟೋಬರ್ 3ರ ತೀರ್ಪು. ಜೈಲಿನ ರಿಜಿಸ್ಟರುಗಳಲ್ಲಿದ್ದ ಜಾತಿಯ ಕಾಲಂ ತೆಗೆಯಲು ಹೇಳಿದ್ದರ ಜೊತೆಗೇ, ಜಾತಿ ನೋಡಿ ಕಸಗುಡಿಸುವ, ಶೌಚಾಲಯ ತೊಳೆಯುವ ಕೆಲಸ ಹಂಚುವುದನ್ನೂ ಅದು ನಿಲ್ಲಿಸಿತು. ಪದವೂ ಹೋಯಿತು, ಪದದ ಹೆಸರಲ್ಲಿ ನಡೆಯುತ್ತಿದ್ದ ಕೆಲಸಕ್ಕೂ ತಡೆ ಬಿತ್ತು. ತಿದ್ದುವುದಾದರೆ ಹೀಗೆ ತಿದ್ದಬೇಕು.

ಉಮರ್ಗಾ, ನಿಲಂಗಾ, ಉದಗೀರದ ಗ್ರಾಮಸಭೆಗಳಿಗೆ ಇದರಲ್ಲಿ ಮಾಡಲು ಕೆಲಸವಿದೆ. ಓಣಿಗೆ ಯಾವ ಹೆಸರು ಬೇಕೆಂದು ಆ ಓಣಿಯವರನ್ನೇ ಕೇಳಲಿ. ಬೌದ್ಧ ಎಂಬುದು ಬೇಕೆಂದರೆ ಅದೇ ಇರಲಿ, ಕಕ್ಕಯ್ಯನವರ ಹೆಸರು ಬೇಕೆಂದರೆ ಅದನ್ನೇ ಬರೆಯಲಿ. ಹೆಸರಿನ ನಿರ್ಣಯ ಓದುವ ದಿನವೇ ನೀರಿನ ಪೈಪು, ಮಣ್ಣುಮಾಡುವ ಜಾಗ, ಮನೆಯ ಹಕ್ಕುಪತ್ರಗಳ ನಿರ್ಣಯವನ್ನೂ ಓದಲಿ. ಗಡಿಯ ಈಚೆಗೂ ಇಂಥ ಕೇರಿಗಳಿವೆ. ಬೀದರ, ಕಲಬುರಗಿ ಜಿಲ್ಲೆಗಳ ಓದುಗರು ಮುಂದಿನ ಗ್ರಾಮಸಭೆಗೆ ಹೋಗಿ ಈ ಪ್ರಶ್ನೆಯನ್ನು ಎತ್ತಬೇಕು, ಕೇರಿಯ ಹಿರಿಯರನ್ನು ಏಕವಚನದಲ್ಲಿ ಕರೆಯುವ ರೂಢಿಯನ್ನು ಅದೇ ಸಭೆಯಲ್ಲಿ ಬಿಡಬೇಕು.