ಆಸ್ಪತ್ರೆ ಹತ್ತಿರ, ದಾರಿ ದೂರ

ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಸಿಗುವ ಪೇಟೆ ಸಿದ್ಧಕಟ್ಟೆ. ಒಂದು ಕಡೆ ಬಂಟ್ವಾಳ, ಇನ್ನೊಂದು ಕಡೆ ಮೂಡುಬಿದಿರೆ, ಮತ್ತೊಂದು ದಿಕ್ಕಿಗೆ ಬೆಳ್ತಂಗಡಿ. ಮೂರೂ ಊರುಗಳಲ್ಲಿ ಸರಕಾರಿ ಆಸ್ಪತ್ರೆಗಳಿವೆ. ಹತ್ತಿರದ ವಾಮದಪದವಿನಲ್ಲಿ ಸಮುದಾಯ ಆರೋಗ್ಯ ಕೇಂದ್ರವಿದೆ. ಇನ್ನು ಮಂಗಳೂರಿನ ಮಾತಂತೂ ಹೇಳುವುದೇ ಬೇಡ. 1848ರಲ್ಲಿ ಆರಂಭವಾದ ವೆನ್ಲಾಕ್, ಹೆರಿಗೆಗೆ ಲೇಡಿಗೋಶನ್, 1880ರ ಫಾದರ್ ಮುಲ್ಲರ್. ದಕ್ಷಿಣ ಕನ್ನಡ ಜಿಲ್ಲೆಯೊಂದರಲ್ಲೇ ಎಂಟು ವೈದ್ಯಕೀಯ ಕಾಲೇಜುಗಳು. ಪಿಯುಸಿ ವಿಜ್ಞಾನ ಓದುವ ಮಕ್ಕಳಿರುವ ಮನೆಗಳಲ್ಲಿ ಈ ಕಾಲೇಜುಗಳ ಹೆಸರು, ಶುಲ್ಕ ಎಲ್ಲವೂ ಬಾಯಿಪಾಠ.

ಇಷ್ಟೆಲ್ಲ ಇದ್ದೂ ಇದೇ ಸೀಮೆಯ ಒಂದು ಸಮುದಾಯದ ಜನಸಂಖ್ಯೆ ಏರುವ ಬದಲು ಇಳಿದಿದೆ. 2001ರ ಜನಗಣತಿಯಲ್ಲಿ ರಾಜ್ಯದ ಕೊರಗರು ಸುಮಾರು 16 ಸಾವಿರ. 2011ರಲ್ಲಿ 15 ಸಾವಿರಕ್ಕೂ ಕಡಿಮೆ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡುಗಳಲ್ಲಿ ಹರಡಿಕೊಂಡಿರುವ, ಬುಟ್ಟಿ ಹೆಣೆಯುವ, ಡೋಲು ಬಾರಿಸುವ ಈ ಜನರನ್ನು ಕೇಂದ್ರ ಸರಕಾರ ವಿಶೇಷ ದುರ್ಬಲ ಬುಡಕಟ್ಟು ಎಂದು ಗುರುತಿಸಿದೆ. ದೇಶದಲ್ಲಿ ಅಂಥ 75 ಬುಡಕಟ್ಟುಗಳಿದ್ದು, ಕರ್ನಾಟಕದಲ್ಲಿರುವುದು ಎರಡು ಮಾತ್ರ: ಜೇನುಕುರುಬ ಮತ್ತು ಕೊರಗ. ಆಸ್ಪತ್ರೆಗಳ ನಡುವೆಯೇ ಬದುಕುವ ಜನರಿಗೆ ಆಸ್ಪತ್ರೆ ಏಕೆ ಎಟುಕುತ್ತಿಲ್ಲ?

ವೇಲ್ಸ್‌ನ ಕಲ್ಲಿದ್ದಲು ಗಣಿಯ ಊರೊಂದರಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬವರು 1971ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಚಿಕಿತ್ಸೆಯ ಅಗತ್ಯ ಯಾರಿಗೆ ಹೆಚ್ಚೋ ಅವರಿಗೇ ಒಳ್ಳೆಯ ಚಿಕಿತ್ಸೆ ಸಿಗುವುದು ಕಡಿಮೆ, ವೈದ್ಯಕೀಯವನ್ನು ಮಾರುಕಟ್ಟೆಗೆ ಬಿಟ್ಟಷ್ಟೂ ಇದು ಹೆಚ್ಚುತ್ತದೆ ಎಂಬುದು ಅವರ ವಾದ. ದಕ್ಷಿಣ ಕನ್ನಡದ ಎಂಟೂ ವೈದ್ಯಕೀಯ ಕಾಲೇಜುಗಳು ಖಾಸಗಿಯವು ಎಂಬುದನ್ನು ಇಲ್ಲಿ ನೆನೆಯಬಹುದು.

ಲೆಕ್ಕದ ತೊಡಕೂ ಇದೆ. ಬಯಲು ಪ್ರದೇಶದಲ್ಲಿ 30 ಸಾವಿರ ಜನರಿಗೆ, ಗುಡ್ಡಗಾಡು ಮತ್ತು ಗಿರಿಜನ ಪ್ರದೇಶದಲ್ಲಿ 20 ಸಾವಿರ ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವಿರಬೇಕೆಂಬುದು ಸರಕಾರದ ಮಾನದಂಡ. ಇದು ಎಣಿಸುವುದು ಪ್ರದೇಶವನ್ನು. ಕೊರಗರಾದರೋ ಒಂದು ಗ್ರಾಮದಲ್ಲಿ ನಾಲ್ಕು ಮನೆ, ಇನ್ನೊಂದರಲ್ಲಿ ಹತ್ತು ಮನೆ ಎಂಬಂತೆ ಚದುರಿದ್ದಾರೆ. ಸಂವಿಧಾನದ ಐದನೇ ಅನುಸೂಚಿಯಡಿ ಬರುವ ಪ್ರದೇಶ ಕರ್ನಾಟಕದಲ್ಲಿ ಒಂದೂ ಇಲ್ಲ. ಹಾಗಾಗಿ ಬುಡಕಟ್ಟೆಂಬ ಹೆಸರು ಇವರಿಗೆ ಸಿಕ್ಕಿತೇ ಹೊರತು, ಇವರಿಗಾಗಿಯೇ ಕಟ್ಟಿದ ಆಸ್ಪತ್ರೆ ಸಿಗಲಿಲ್ಲ.

ಆದರೆ ಎಲ್ಲವೂ ಕಟ್ಟಡದ ಪ್ರಶ್ನೆಯಲ್ಲ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ 'ಅಂಡೆ ಕೊರಗ'ರ ಉಲ್ಲೇಖವಿದೆ. ದಾರಿಯಲ್ಲಿ ಉಗುಳಿದರೆ ನೆಲ ಮೈಲಿಗೆಯಾದೀತೆಂದು ಇವರ ಕೊರಳಿಗೆ ಅಂಡೆ, ಅಂದರೆ ಪಾತ್ರೆ ಕಟ್ಟಿಸುತ್ತಿದ್ದರಂತೆ. ಇಂದು ಎರಡು ವಾರ ಮೀರಿ ಕೆಮ್ಮಿರುವವರ ಕೈಗೆ ಆರೋಗ್ಯ ಕಾರ್ಯಕರ್ತೆ ಕಫ ಪರೀಕ್ಷೆಯ ಡಬ್ಬಿ ಕೊಡುತ್ತಾಳೆ. ಕ್ಷಯ ಪತ್ತೆಗೆ ಅದು ಬೇಕೇಬೇಕು. ಆದರೆ ಕೊಡುವವರ ಮಾತಿನಲ್ಲಿ ಸ್ವಲ್ಪ ಹೇಸಿಗೆ ಸುಳಿದರೂ ಆ ಡಬ್ಬಿ ಮರಳಿ ಬರುವುದಿಲ್ಲ. ಇದನ್ನು ರೋಗಿಯ ಅಜ್ಞಾನ ಎಂದು ಬರೆದುಕೊಳ್ಳುವುದು ಬಹಳ ಸುಲಭ!

ಇನ್ನು ಅಜಲು ಪದ್ಧತಿ. ಉಳ್ಳವರ ಮನೆಯವರ ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸಿದರೆ ಮನೆಯ ರೋಗ, ಕೇಡು ಅವರಿಗೆ ಹೋಗುತ್ತದೆಂಬ ನಂಬಿಕೆ ಅದರಲ್ಲಿತ್ತು. ಒಬ್ಬರ ಕಾಯಿಲೆಯನ್ನು ಹೊರಲು ಇನ್ನೊಬ್ಬರನ್ನು ಗೊತ್ತುಮಾಡಿದ ವ್ಯವಸ್ಥೆ ಅದು! ರಾಜ್ಯ ಸರಕಾರ 2000ದಲ್ಲಿ ಪ್ರತ್ಯೇಕ ಕಾಯಿದೆ ತಂದು ಇದನ್ನು ನಿಷೇಧಿಸಿತು. ಕಾಯಿದೆಯೇನೋ ಬಂತು, ತಲೆಮಾರುಗಳ ಕಾಲ ಎಂಜಲಿನಲ್ಲೇ ಹೊಟ್ಟೆ ಹೊರೆದವರ ಊಟದ ತಟ್ಟೆ ಒಂದೇ ದಿನ ತುಂಬುವುದಿಲ್ಲ.

ರಕ್ತಹೀನತೆಯ ಮಾತು ಬರುವುದು ಇಲ್ಲೇ. ಕಬ್ಬಿಣಾಂಶದ ಮಾತ್ರೆ ಉಪಕೇಂದ್ರದಲ್ಲಿ ಉಚಿತ. ಖಾಲಿ ಹೊಟ್ಟೆಗೆ ನುಂಗಿದರೆ ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಚಹಾದ ಜತೆ ನುಂಗಿದರೆ ಸತ್ವ ಮೈಗೆ ಹತ್ತುವುದು ಕಡಿಮೆ. ಬೆಳಗ್ಗೆ ಬರಿಯ ಚಹಾ ಕುಡಿದು ಬಿದಿರು, ಬಳ್ಳಿ ತರಲು ಗುಡ್ಡಕ್ಕೆ ಹೋಗುವ ಹೆಂಗಸು ಅದನ್ನು ಯಾವಾಗ ನುಂಗಬೇಕು? ಮಾತ್ರೆ ಕೊಟ್ಟ ಲೆಕ್ಕ ರಿಜಿಸ್ಟರಿನಲ್ಲಿರುತ್ತದೆ, ರಕ್ತ ಮಾತ್ರ ಏರಿರುವುದಿಲ್ಲ. ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆಯ ಮೂಲಕ ಬೇಳೆಕಾಳು, ಮೊಟ್ಟೆ, ಬೆಲ್ಲ, ತುಪ್ಪ, ಎಣ್ಣೆಗಳಿರುವ ಪೌಷ್ಟಿಕ ಆಹಾರವನ್ನು ಬುಡಕಟ್ಟಿನ ಮನೆಗಳಿಗೆ ಕೊಡುವ ವ್ಯವಸ್ಥೆ ಬಂದದ್ದು ಈ ಕಾರಣದಿಂದಲೇ. ಔಷಧಿಯಷ್ಟೇ ಮುಖ್ಯವಾದ ಕೆಲಸ ಅದು.

ಕ್ಷಯದ ಮದ್ದೂ ಉಚಿತ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಬಿಡದೆ ತೆಗೆದುಕೊಳ್ಳಬೇಕು. ರೋಗಿಯ ಆಹಾರಕ್ಕೆಂದು ಕೇಂದ್ರ ಸರಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡತೊಡಗಿತು. 2024ರ ನವೆಂಬರಿನಿಂದ ಅದು 1,000 ಆಯಿತು. ಆದರೆ ಹಣ ಸೇರುವುದು ಬ್ಯಾಂಕ್ ಖಾತೆಗೆ. ಖಾತೆಗೆ ಆಧಾರ್ ಬೇಕು. ಬೇರೆ ಸವಲತ್ತುಗಳಿಗೆ ರೇಷನ್ ಕಾರ್ಡು, ಜಾತಿ ಪ್ರಮಾಣಪತ್ರ ಬೇಕು. ಬುಟ್ಟಿ ಹೆಣೆಯುವವರ ಪಾಲಿಗೆ ಒಂದೊಂದು ಕಾಗದವೂ ಒಂದೊಂದು ದಿನದ ಸಂಪಾದನೆ. ಆಸ್ಪತ್ರೆಗೆ ಹೋದರೂ ಮೊದಲ ದಿನ ಪರೀಕ್ಷೆ, ಮರುದಿನ ವರದಿ; ಜತೆಗೆ ಬಂದವರ ದುಡಿಮೆಯೂ ಹೋಯಿತು. 2023ರ ಜೂನಿನಲ್ಲಿ ಆರಂಭವಾದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತ, ನಿಜ. ಅದು ಸರಕಾರಿ ಬಸ್ಸಿಗೆ ಮಾತ್ರ. ಈ ಜಿಲ್ಲೆಯ ಒಳದಾರಿಗಳಲ್ಲಿ ಹೆಚ್ಚಾಗಿ ಓಡುವುದು ಖಾಸಗಿ ಬಸ್ಸು. ಉಚಿತ ಚಿಕಿತ್ಸೆಯೂ ಬಡವನಿಗೆ ದುಬಾರಿಯಾಗುವ ಬಗೆ ಇದು.

ಹಾಗಾದರೆ ದಾರಿಯೇ ಇಲ್ಲವೇ? ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸ್ಥಾಪಿಸಿದರು. 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದಾಗ ಎಲ್ಲರೂ ಆಸ್ಪತ್ರೆಯನ್ನೇ ಹೊಗಳಿದರು. ಅದಕ್ಕಿಂತ ದೊಡ್ಡದು ಇನ್ನೊಂದು: ಸೋಲಿಗರ ಹೆಣ್ಣುಮಕ್ಕಳಿಗೇ ಸಹಾಯಕ ದಾದಿಯರ ತರಬೇತಿ ಕೊಟ್ಟು ಪೋಡುಗಳ ಆರೈಕೆಗೆ ಕಳುಹಿಸಿದ್ದು. ತಮ್ಮವಳೇ ಸೂಜಿ ಹಿಡಿದು ಬಂದರೆ ಅಂಜಿಕೆಗೆ ಎಡೆಯೆಲ್ಲಿ? ಬೆಟ್ಟದಲ್ಲಿ ಸೋಲಿಗರು ಒಟ್ಟಾಗಿದ್ದಾರೆ, ಕರಾವಳಿಯ ಕೊರಗರು ಚದುರಿದ್ದಾರೆ. ಆದ್ದರಿಂದ ಆ ಮಾದರಿಯನ್ನು ಹಾಗೆಯೇ ಎತ್ತಿ ತರಲಾಗದು. ಆದರೂ ಕೊರಗ ಯುವತಿಯರು ಆಶಾ ಕಾರ್ಯಕರ್ತೆಯರಾಗಿ, ದಾದಿಯರಾಗಿ, ಪ್ರಯೋಗಾಲಯದ ತಂತ್ರಜ್ಞರಾಗಿ ಬಂದರೆ ಆಸ್ಪತ್ರೆಯ ಬಾಗಿಲು ಅಷ್ಟರಮಟ್ಟಿಗೆ ಹತ್ತಿರವಾಗುತ್ತದೆ.

ಹೈಸ್ಕೂಲಿನ ಬೆಂಚು ಇಲ್ಲಿ ಮುಖ್ಯವಾಗುತ್ತದೆ. ಈ ಯಾವ ಕೆಲಸಕ್ಕೂ ಶಾಲೆ ಓದಿರಬೇಕು. ದಾದಿ ತರಬೇತಿಗೆ ಪಿಯುಸಿ ಮುಗಿದಿರಬೇಕು. ಸರಕಾರಿ ಹಾಸ್ಟೆಲ್, ವಿದ್ಯಾರ್ಥಿವೇತನ, ಮೀಸಲಾತಿ ಎಲ್ಲವೂ ಇದ್ದರೂ, ಒಂಬತ್ತನೆಯ ತರಗತಿಯಲ್ಲಿ ಸಹಪಾಠಿಗಳ ಒಂದು ಕುಚೋದ್ಯದ ಮಾತಿಗೆ ಶಾಲೆ ಬಿಟ್ಟ ಹುಡುಗಿ ಮುಂದೆ ದಾದಿಯಾಗುವುದಿಲ್ಲ. ಊಟಕ್ಕೆ ಯಾರ ಪಕ್ಕ ಕೂರಬೇಕು, ಯಾರ ಮನೆಗೆ ಹೋಗಬಾರದು ಎಂದು ಮಕ್ಕಳಿಗೆ ಮನೆಯಲ್ಲಿ ಹೇಳಿಕೊಡುವ ತಂದೆತಾಯಂದಿರು ಇದನ್ನು ಯೋಚಿಸಬೇಕು. ಮಗನನ್ನು ಡಾಕ್ಟರು ಮಾಡಲು ಹೊರಟವರೂ ಅಷ್ಟೆ. ಪ್ರವೇಶ ಪರೀಕ್ಷೆಯ ತರಬೇತಿಯಲ್ಲಿ ಜೀವಶಾಸ್ತ್ರ ಕಲಿಸುತ್ತಾರೆ. ಬುಟ್ಟಿ ಮಾರುವ ಅಜ್ಜಿಯನ್ನು ಬಹುವಚನದಲ್ಲಿ ಮಾತಾಡಿಸುವುದನ್ನು ಯಾರೂ ಕಲಿಸುವುದಿಲ್ಲ.

2023ರ ನವೆಂಬರಿನಲ್ಲಿ ಆರಂಭವಾದ ಪಿಎಂ ಜನಮನ್ ಯೋಜನೆ ದುರ್ಬಲ ಬುಡಕಟ್ಟುಗಳಿಗೆಂದೇ ರೂಪಿಸಿದ್ದು. ಮನೆ, ರಸ್ತೆ, ನೀರಿನ ಜತೆ ಸಂಚಾರಿ ವೈದ್ಯಕೀಯ ಘಟಕಗಳೂ ಅದರಲ್ಲಿವೆ. ಚದುರಿದ ಮನೆಗಳಿಗೆ ಗಾಡಿಯೇ ಹೋಗುವುದು ಸರಿಯಾದ ಕ್ರಮ. ಗಾಡಿ ನಿಗದಿತ ದಿನ ತಪ್ಪದೆ ಬಂದೀತೇ, ಅದರಲ್ಲಿ ತುಳು ಬಲ್ಲವರೊಬ್ಬರು ಇದ್ದಾರೆಯೇ ಎಂಬುದರ ಮೇಲೆ ಅದರ ಯಶಸ್ಸು ನಿಂತಿದೆ.

ಕೊರಗರ ಸಂಘಟನೆಗಳು ಮಾತ್ರ ಬಹುಕಾಲದಿಂದ ಬೇರೊಂದು ಮದ್ದು ಕೇಳುತ್ತಿವೆ. ಕೊರಗರ ಸ್ಥಿತಿಗತಿ ಅಧ್ಯಯನ ಮಾಡಿದ ಡಾ. ಮಹಮ್ಮದ್ ಪೀರ್ ಅವರ ವರದಿ 1990ರ ದಶಕದಲ್ಲೇ ಪ್ರತಿ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಬೇಕೆಂದು ಶಿಫಾರಸು ಮಾಡಿತ್ತು. ಸ್ವಂತ ನೆಲವಿದ್ದರೆ ನಾಲ್ಕು ಬಸಳೆ, ಎರಡು ತೆಂಗು, ಒಂದು ಹಸು. ಮಾತ್ರೆ ನುಂಗುವ ಮುನ್ನ ಹೊಟ್ಟೆಗೆ ಅನ್ನ. 1993ರಲ್ಲಿ ಮಂಗಳೂರಿನಲ್ಲಿ ಭೂಮಿಗಾಗಿ ನಡೆದ ಮೆರವಣಿಗೆಯ ನೆನಪಿಗೆ ಕೊರಗರು ಆಗಸ್ಟ್ 18ರಂದು ಭೂಮಿ ಹಬ್ಬ ಆಚರಿಸುತ್ತಾರೆ. ಡೋಲು ಬಾರಿಸುತ್ತಾರೆ, ಅದೇ ಬೇಡಿಕೆಯನ್ನು ಮತ್ತೆ ಮುಂದಿಡುತ್ತಾರೆ.