ರಕ್ತದಲ್ಲಿ ಸಹಿ ಹುಡುಕುವ ಗುಮಾಸ್ತ

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಚೆಕ್ಕು ಬಂದ ಕೂಡಲೇ ಅದರ ಮೇಲಿನ ಸಹಿಯನ್ನು ನಮ್ಮಲ್ಲಿದ್ದ ಮಾದರಿ ಸಹಿಯ ಕಾರ್ಡಿಗೆ ಹೋಲಿಸಿ ನೋಡುತ್ತಿದ್ದೆ. ಅಂಥದೇ ಕೆಲಸ ವೈದ್ಯರ ಲ್ಯಾಬಿನಲ್ಲೂ ನಡೆಯುತ್ತದೆ ಎಂದು ತಿಳಿದದ್ದು ಕಳೆದ ಬೇಸಿಗೆ ರಜೆಯಲ್ಲಿ.

ನನ್ನ ಮೊಮ್ಮಗಳು ಪುಟ್ಟಿ ಐದನೇ ತರಗತಿ. ಹಿತ್ತಲಿನ ಪೇರಲೆ ಮರದ ಬಳಿ ಆಡುತ್ತಿದ್ದವಳು ಕಿರುಚುತ್ತ ಓಡಿ ಬಂದಳು. ಕೈಗೆ ಕಡಜ ಕಚ್ಚಿತ್ತು. ನಾನು ಸುಣ್ಣ ಹಚ್ಚಿ, "ಸ್ವಲ್ಪ ಹೊತ್ತು ಉರಿಯುತ್ತೆ, ಆಮೇಲೆ ಹೋಗುತ್ತೆ" ಎಂದೆ. ಹೋಗಲಿಲ್ಲ. ಮೈಯೆಲ್ಲ ದದ್ದು ಎದ್ದಿತು, ತುಟಿ ಊದಿತು. "ಅಜ್ಜ, ಉಸಿರು ಕಟ್ತಾ ಇದೆ" ಎಂದಾಗ ನನ್ನ ಕೈಕಾಲು ತಣ್ಣಗಾದವು. ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಓಡಿದೆವು. ವೈದ್ಯರು ತಡಮಾಡದೆ ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟರು. ಕೆಲವೇ ನಿಮಿಷಗಳಲ್ಲಿ ಮಗುವಿನ ಉಸಿರು ಹಗುರಾಯಿತು.

ಒಂದೂವರೆ ಗಂಟೆ ಕಳೆದ ಮೇಲೆ ಅವಳ ರಕ್ತ ತೆಗೆದು ದೊಡ್ಡ ಲ್ಯಾಬಿಗೆ ಕಳಿಸಿದರು. ಕೆಲವು ದಿನ ಬಿಟ್ಟು ಮತ್ತೊಮ್ಮೆ ತೆಗೆದರು. ಹುಷಾರಾದ ಮಗುವಿಗೆ ಇದೆಲ್ಲ ಯಾಕೆ? ಬೆಂಗಳೂರಿನಲ್ಲಿ ಸಂಶೋಧನೆ ಮಾಡುವ ನನ್ನ ತಂಗಿಯ ಮಗಳನ್ನು ಕೇಳಿದೆ.

"ಮಾವ, ನಮ್ಮ ಚರ್ಮದಲ್ಲಿ, ಶ್ವಾಸನಾಳದಲ್ಲಿ ಮಾಸ್ಟ್ ಕೋಶ ಅಂತ ಕಾವಲುಗಾರರು ಇರ್ತಾರೆ. 1878ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಬಟ್ಟೆಗೆ ಹಾಕುವಂಥ ಬಣ್ಣಗಳನ್ನು ಬಳಸಿ ಇವನ್ನು ಗುರುತಿಸಿದರು. ಒಳಗೆಲ್ಲ ಕಾಳುಕಾಳಾಗಿ ತುಂಬಿಕೊಂಡಿದ್ದಕ್ಕೆ ಚೆನ್ನಾಗಿ ಉಂಡ ಕೋಶ ಎಂಬ ಅರ್ಥದ ಹೆಸರಿಟ್ಟರು" ಎಂದಳು.

ಆ ಕಾಳುಗಳೇ ಮದ್ದುಗುಂಡು. ಅಲರ್ಜಿ ಇರುವವರಿಗೆ ಕಡಜ ಕಚ್ಚಿದರೆ ಮಾಸ್ಟ್ ಕೋಶಗಳು ಗಾಬರಿಬಿದ್ದು ಎಲ್ಲವನ್ನೂ ಒಮ್ಮೆಲೇ ಹೊರಗೆ ಚೆಲ್ಲುತ್ತವೆ. ಅದರಲ್ಲಿರುವ ಹಿಸ್ಟಮಿನ್ ರಕ್ತದಿಂದ ನಿಮಿಷಗಳಲ್ಲೇ ಮಾಯವಾಗುತ್ತದೆ. ಆದರೆ ಟ್ರಿಪ್ಟೇಸ್ ಎಂಬ ಕಿಣ್ವ ಕೆಲವು ಗಂಟೆ ಉಳಿಯುತ್ತದೆ. ಕಳ್ಳ ಓಡಿಹೋದರೂ ಹೆಜ್ಜೆಗುರುತು ಉಳಿದ ಹಾಗೆ!

"ಆದರೆ ರಕ್ತದಲ್ಲಿ ಸಾವಿರಾರು ವಸ್ತುಗಳಿವೆಯಲ್ಲ, ಅದನ್ನೊಂದನ್ನೇ ಹುಡುಕೋದು ಹೇಗೆ?" ಎಂದಳು ಪುಟ್ಟಿ.

ಅಲ್ಲಿಗೆ ಬರುವವನೇ ನಮ್ಮ ಗುಮಾಸ್ತ. ಅವನ ಹೆಸರು ಪ್ರತಿಕಾಯ. ಮನುಷ್ಯರ ಟ್ರಿಪ್ಟೇಸನ್ನು ಇಲಿಗೆ ಚುಚ್ಚಿದರೆ ಇಲಿಯ ದೇಹ ಅದನ್ನು ಪರಕೀಯ ಎಂದು ತಿಳಿದು, ಅದಕ್ಕೆ ಅಂಟಿಕೊಳ್ಳುವ ಪ್ರತಿಕಾಯಗಳನ್ನು ತಯಾರಿಸುತ್ತದೆ. ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಬೆಳೆಸುವ ಉಪಾಯವನ್ನು 1975ರಲ್ಲಿ ಕೇಂಬ್ರಿಜ್‌ನಲ್ಲಿ ಕೋಲರ್ ಮತ್ತು ಮಿಲ್‌ಸ್ಟೀನ್ ಕಂಡುಹಿಡಿದರು. 1984ರಲ್ಲಿ ಅವರಿಗೆ ನೊಬೆಲ್ ಬಂತು. ಇಂಥ ಪ್ರತಿಕಾಯಕ್ಕೆ ಬಣ್ಣ ಬರಿಸುವ ವಸ್ತು ಜೋಡಿಸಿದರೆ ಟ್ರಿಪ್ಟೇಸ್ ಇದ್ದಲ್ಲಿ ಮಾತ್ರ ಬಣ್ಣ ಕಾಣುತ್ತದೆ. ಚರ್ಮದ ತೆಳು ಪದರವೊಂದನ್ನು ಮೈಕ್ರೋಸ್ಕೋಪಿನಲ್ಲಿ ತೋರಿಸಿದಳು. ಮಾಸ್ಟ್ ಕೋಶಗಳು ಕಂದು ಚುಕ್ಕಿಗಳಾಗಿ ಎದ್ದು ಕಾಣುತ್ತಿದ್ದವು.

ಆ ಪ್ರತಿಕಾಯ ಬೆರಳುದ್ದದ ಸೀಸೆಯಲ್ಲಿತ್ತು. ಮೇಲೆ "ಸಂಶೋಧನೆಗೆ ಮಾತ್ರ" ಎಂದು ಅಚ್ಚಾಗಿತ್ತು. ರೋಗಿಯ ರಕ್ತಪರೀಕ್ಷೆಗೆ ಬಳಸುವುದು ಬೇರೆಯೇ, ಅದಕ್ಕೆ ಒಪ್ಪಿಗೆ ಪಡೆದ ಕಿಟ್. ಸಂಶೋಧಕರೂ ಸೀಸೆಯನ್ನು ಕಣ್ಣು ಮುಚ್ಚಿ ನಂಬುವುದಿಲ್ಲ. ಟ್ರಿಪ್ಟೇಸ್ ಇಲ್ಲದ ಜೀವಕೋಶಗಳ ಮೇಲೂ ಹಾಕಿ ನೋಡುತ್ತಾರೆ. ಅಲ್ಲೂ ಬಣ್ಣ ಬಂದರೆ ಗುಮಾಸ್ತ ನಕಲಿ ಸಹಿಯನ್ನು ಪಾಸು ಮಾಡುತ್ತಿದ್ದಾನೆ ಎಂದರ್ಥ!

ಎರಡು ಬಾರಿ ರಕ್ತ ತೆಗೆದದ್ದು ಲೆಕ್ಕ ತಾಳೆ ನೋಡಲು. ಆರೋಗ್ಯವಾಗಿದ್ದಾಗಿನ ಮಟ್ಟವನ್ನು 1.2ರಿಂದ ಗುಣಿಸಿ 2 ಕೂಡಿಸಬೇಕು. ಕಚ್ಚಿದ ದಿನದ ಅಂಕಿ ಅಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾಸ್ಟ್ ಕೋಶಗಳು ಸಿಡಿದದ್ದಕ್ಕೆ ಸಾಕ್ಷಿ. ಪುಟ್ಟಿಯ ಮಾಮೂಲು ಮಟ್ಟ 4. ಮಕ್ಕಳೇ, ಲೆಕ್ಕ ಮಾಡಿ: 6.8. ಆ ದಿನ ಅವಳಿಗಿದ್ದದ್ದು 15!

ಕೊನೆಗೆ ನನ್ನಂಥ ಅಜ್ಜ-ಅಜ್ಜಿಯರಿಗೆ ಒಂದು ಮಾತು. ಈ ಪರೀಕ್ಷೆ ಆಮೇಲಿನದು. ಜೀವ ಉಳಿಸಿದ್ದು ಅಡ್ರಿನಲಿನ್. ಕಡಜ, ಜೇನು ಕಚ್ಚಿ ಮೈಯೆಲ್ಲ ದದ್ದೆದ್ದರೆ, ತುಟಿ ಊದಿದರೆ, ಉಸಿರು ಕಟ್ಟಿದರೆ, ತಲೆ ಸುತ್ತಿದರೆ ಸುಣ್ಣದ ಡಬ್ಬಿ ಹುಡುಕಬೇಡಿ, ಆಸ್ಪತ್ರೆಗೆ ಓಡಿ. ಸುಣ್ಣ ಹಚ್ಚುತ್ತ ನಾನು ಕಳೆದ ಹೊತ್ತನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಪುಟ್ಟಿಯ ಶಾಲೆ ಬ್ಯಾಗಿನಲ್ಲಿ ಈಗ "ಕಡಜದ ಅಲರ್ಜಿ ಇದೆ" ಎಂದು ಬರೆದ ಕಾರ್ಡು ಇದೆ. ಕೆಳಗೆ ನನ್ನ ಫೋನ್ ನಂಬರು, ನನ್ನ ಸಹಿ.