ಒಂದೇ ಪಹಣಿ, ಹಲವು ಸರ್ವರ್

ಒಂದೇ ಡೇಟಾಬೇಸ್‌ನ ಪ್ರತಿಗಳನ್ನು ದೂರದೂರದ ಸರ್ವರ್‌ಗಳಲ್ಲಿಟ್ಟು, ಅವುಗಳ ನಡುವೆ ವ್ಯತ್ಯಾಸ ಬಾರದಂತೆ ನೋಡಿಕೊಳ್ಳುವುದೇ ಸಿಂಕ್ರೊನೈಸೇಶನ್. ಕರ್ನಾಟಕದ ರೈತರಿಗೆ ಇದರ ಬೆಲೆ ಗೊತ್ತಾಗುವುದು ಪಹಣಿಯಲ್ಲಿ.

2000ದ ಸುಮಾರಿಗೆ ಶುರುವಾದ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಮೊದಲಿಗೆ ದಾಖಲೆ ಇದ್ದದ್ದು ಆಯಾ ತಾಲ್ಲೂಕು ಕಚೇರಿಯಲ್ಲಿ. ಉದಾಹರಣೆಗೆ, ಕಲಬುರಗಿ ಜಿಲ್ಲೆಯ ಕಮಲಾಪುರ ಆಗ ಒಂದು ಹೋಬಳಿ. ಅಲ್ಲಿಯ ರೈತರ ತಾಲ್ಲೂಕು ಕಚೇರಿ ಕಲಬುರಗಿಯಲ್ಲಿತ್ತು. ಮುಂದೆ ದಾಖಲೆಗಳು ಬೆಂಗಳೂರಿನ ಡೇಟಾ ಕೇಂದ್ರವನ್ನೂ ಸೇರಿದವು, ನಾಡಕಚೇರಿಯಲ್ಲೂ ಪಹಣಿ ಸಿಗತೊಡಗಿತು. ಕಮಲಾಪುರವೇ ಈಗ ಒಂದು ತಾಲ್ಲೂಕು.

ಇಂಥ ವ್ಯವಸ್ಥೆಯಲ್ಲಿ ಪ್ರತಿ ಸಲವೂ ಇಡೀ ಡೇಟಾಬೇಸ್ ಕಳಿಸುವುದಿಲ್ಲ. ಮುಖ್ಯ ಸರ್ವರ್ ಪ್ರತಿ ಬದಲಾವಣೆಗೂ ಕ್ರಮಸಂಖ್ಯೆ ಕೊಟ್ಟು ಲಾಗ್‌ನಲ್ಲಿ ಬರೆಯುತ್ತದೆ. ಉಳಿದವು ಅದೇ ಕ್ರಮದಲ್ಲಿ ತಮ್ಮಲ್ಲಿ ಬರೆದುಕೊಳ್ಳುತ್ತವೆ. ಕ್ರಮ ತಪ್ಪಿದರೆ ಅರ್ಥವೇ ತಪ್ಪುತ್ತದೆ. ಪಹಣಿಯ 11ನೇ ಕಾಲಂಗೆ ಬ್ಯಾಂಕ್ ಸಾಲ ಏರಿದ ಮೇಲೆ ಜಮೀನು ಮಾರಾಟವಾಯಿತೋ, ಮಾರಿದ ಮೇಲೆ ಸಾಲ ಏರಿತೋ ಎಂಬುದರ ಮೇಲೆ ಕೊಂಡವನ ಬದುಕೇ ನಿಂತಿರುತ್ತದೆ.

ಪ್ರತಿ ಮಾಡುವ ದಾರಿ ಎರಡು. ಮೊದಲನೆಯದರಲ್ಲಿ ದೂರದ ಸರ್ವರ್ ‘ಬರೆದುಕೊಂಡೆ’ ಎಂದ ಮೇಲಷ್ಟೇ ಕೆಲಸ ಮುಗಿಯುತ್ತದೆ. ದಾಖಲೆ ಕಳೆಯದು, ಆದರೆ ಕಾಯಬೇಕು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ, ಕಲಬುರಗಿಯಿಂದ ಬೆಂಗಳೂರಿಗೆ ಹೋಗಿಬರಲು ಕನಿಷ್ಠ 5–6 ಮಿಲಿಸೆಕೆಂಡ್ ಬೇಕು. ಎರಡನೆಯದರಲ್ಲಿ ಇಲ್ಲಿ ಬರೆದು ಮುಗಿಸಿ, ಅಲ್ಲಿಗೆ ಆಮೇಲೆ ಕಳಿಸುತ್ತಾರೆ. ಕೆಲಸ ಬೇಗ ಆಗುತ್ತದೆ. ಆದರೆ ನಡುವೆ ಮುಖ್ಯ ಸರ್ವರ್ ಕೆಟ್ಟರೆ ಕೊನೆಯ ಕೆಲವು ನಮೂದುಗಳು ಕಳೆದುಹೋಗಬಹುದು.

ಕೇಬಲ್ ತುಂಡಾಗಿ ಸಂಪರ್ಕ ಕಡಿದರೆ ಪ್ರಶ್ನೆ ಇನ್ನೂ ಕಠಿಣ. ಆಗ ಎರಡೂ ಕಡೆ ಬರೆಯಲು ಬಿಟ್ಟರೆ ಒಂದೇ ಸರ್ವೆ ನಂಬರಿಗೆ ಇಬ್ಬರು ಮಾಲೀಕರು ಹುಟ್ಟಿಕೊಳ್ಳಬಹುದು. ಬಿಡದಿದ್ದರೆ ಒಂದು ಕಡೆಯ ಕೆಲಸ ನಿಲ್ಲುತ್ತದೆ. ಎರಡನ್ನೂ ಒಟ್ಟಿಗೆ ತಪ್ಪಿಸಲಾಗದು ಎಂದು ಕಂಪ್ಯೂಟರ್ ವಿಜ್ಞಾನಿ ಎರಿಕ್ ಬ್ರೂವರ್ 2000ದಲ್ಲಿ ಮುಂದಿಟ್ಟ ಮಾತನ್ನು ಗಿಲ್ಬರ್ಟ್ ಮತ್ತು ಲಿಂಚ್ 2002ರಲ್ಲಿ ಗಣಿತದಿಂದ ಸಾಧಿಸಿದರು. ಹಾಡಿನ ಮೆಚ್ಚುಗೆಯ ಎಣಿಕೆ ಕೊಂಚ ಹಿಂದೆ ಬಿದ್ದರೆ ನಷ್ಟವಿಲ್ಲ. ಜಮೀನು ಮತ್ತು ಹಣದ ಲೆಕ್ಕದಲ್ಲಿ ಮಾತ್ರ ತಪ್ಪು ನಮೂದಿಗಿಂತ ತಡವೇ ಲೇಸು. ಅದಕ್ಕಾಗಿ ಒಂದು ದಾಖಲೆಯನ್ನು ತಿದ್ದುವ ಅಧಿಕಾರವನ್ನು ಒಂದೇ ಸರ್ವರ್‌ಗೆ ಕೊಡುತ್ತಾರೆ, ಇಲ್ಲವೇ ಬಹುಪಾಲು ಸರ್ವರ್‌ಗಳ ಒಪ್ಪಿಗೆ ಕೇಳುತ್ತಾರೆ.

ಸಂಪರ್ಕ ಮರಳಿದಾಗ ಹಿಂದುಳಿದ ಸರ್ವರ್ ತನ್ನ ಕೊನೆಯ ಕ್ರಮಸಂಖ್ಯೆ ಹೇಳಿ, ಮುಂದಿನವನ್ನು ಕೇಳಿ ಪಡೆಯುತ್ತದೆ. ಆದರೂ ಪ್ರತಿ ಎಂದರೆ ಬ್ಯಾಕಪ್ ಅಲ್ಲ: ತಪ್ಪಿ ಅಳಿಸಿದ ಹೆಸರು ಎಲ್ಲ ಪ್ರತಿಗಳಲ್ಲೂ ಅಳಿಯುತ್ತದೆ. ಹಳೆಯ ದಿನಾಂಕದ ದಾಖಲೆಯನ್ನು ಬೇರೆಯಾಗಿಯೇ ಕಾದಿಡಬೇಕು.